ಆರ್ಗ್ಯಾನಿಕ್ ಕಾಟನ್ ಮಗು ಬಟ್ಟೆ: ನಮ್ಮ ಕಡೆ ನೀರಲ್ಲಿ ಹೇಗೆ ಒಗೆಯುತ್ತೀರಿ? ಅನುಭವ ಹೇಳಿ

ಹೊಸ ಅಮ್ಮ, ವಿದ್ಯಾನಗರ
ದಾವಣಗೆರೆಯವರು, ದುರ್ಗದವರು ಯಾರಾದರೂ ಹೇಳಿ. ಮಗಳಿಗೆ ಈಗ ನಾಲ್ಕು ತಿಂಗಳು. ತೊಟ್ಟಿಲಿಗೆ ಹಾಕಿದ ದಿನ ಬೆಂಗಳೂರಿನ ಅಕ್ಕ ಆರ್ಗ್ಯಾನಿಕ್ ಕಾಟನ್ ಜಬಲಾ, ಕುಲಾಯಿ, ಸುತ್ತುವ ಮಸ್ಲಿನ್ ಬಟ್ಟೆ ಎಲ್ಲ ತಂದುಕೊಟ್ಟಳು. ಆಗ ಬಹಳ ಮೆತ್ತಗಿದ್ದವು. ಈಗ ಒಣಗಿದರೆ ಹಪ್ಪಳದ ಹಾಗೆ ಗರಿಗರಿ. ಬಿಳಿಯದೆಲ್ಲ ಮಾಸಲು ಬೂದಿ ಬಣ್ಣ. ಕೊರಳ ಹತ್ತಿರ ಹಾಲು ಕಕ್ಕಿದ ಹಳದಿ ಕಲೆ. ನಮ್ಮದು ಬೋರ್ ನೀರು. ನಲ್ಲಿ ನೀರು ಬಂದ ದಿನ ಅದನ್ನೂ ಅದೇ ಸಂಪಿಗೆ ಬಿಡುತ್ತೇವೆ. ಅಮ್ಮ ಹಂಡೆಯಲ್ಲಿ ಕುದಿಸು ಅನ್ನುತ್ತಾರೆ, ಅತ್ತೆ ಆಂಟಿಸೆಪ್ಟಿಕ್ ಹಾಕು ಅನ್ನುತ್ತಾರೆ. ಯಾವ ಸೋಪು? ಬಿಸಿಲೋ ನೆರಳೋ? ಮಷಿನ್‌ಗೆ ಹಾಕಬಹುದಾ?

ಕೆಳಗೋಟೆ ಅಕ್ಕ
ಸೌಳು ನೀರಿನ ಬಗ್ಗೆ ದುರ್ಗದವರನ್ನು ಕೇಳಬೇಕು ತಂಗಿ. ನಮ್ಮ ಬೋರ್ ನೀರಲ್ಲಿ ಸೋಪು ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ, ಬಿಳಿ ಚೂರು ತೇಲುತ್ತದೆ. ಅದೇ ಬಟ್ಟೆಗೆ ಅಂಟುವುದು.

ನಾನು ಫ್ರಂಟ್ ಲೋಡ್ ಮಷಿನ್ ತೆಗೆದುಕೊಂಡೆ. 34,500 ರೂಪಾಯಿ. ಅದರ ಸ್ಟ್ಯಾಂಡ್ 1,400, ಅದನ್ನು ಬೇರೆ ಕೊಳ್ಳಬೇಕು ಅಂತ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಪೈಪಿಗೆ ಹಾಕುವ ಫಿಲ್ಟರ್ 2,200. ಅದರೊಳಗಿನ ಹರಳು ಮುಗಿದಾಗಲೆಲ್ಲ 650. ಇಷ್ಟೆಲ್ಲ ಸುರಿದರೂ ವರ್ಷ ತುಂಬುವ ಮೊದಲೇ ಹೀಟರ್ ಹೋಯಿತು. ಮೆಕ್ಯಾನಿಕ್ ಬಿಚ್ಚಿ ತೋರಿಸಿದ, ಕಾಯಿಲ್ ಸುತ್ತ ಬೆರಳು ದಪ್ಪ ಸುಣ್ಣ. "ಇದು ವಾರಂಟಿಯಲ್ಲಿ ಬರಲ್ಲ ಅಕ್ಕಾರೆ, ನೀರಿನ ದೋಷ" ಅಂದ. 2,850 ಬಿಲ್. ಅದರಲ್ಲಿ 350 ಬರೀ ಬಂದು ಹೋಗಿದ್ದಕ್ಕೆ. ಈಗ ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ ಸಿಟ್ರಿಕ್ ಆಸಿಡ್ ಪುಡಿ ಹಾಕಿ ಬಿಸಿ ನೀರಲ್ಲಿ ಓಡಿಸುತ್ತೇನೆ. ಹೀಟರ್ ಆಮೇಲೆ ತೊಂದರೆ ಕೊಟ್ಟಿಲ್ಲ.

ಜಬಲಾ ಒಳಮಗ್ಗುಲು ಹೊರಗೆ ಮಾಡಿ, ಗುಂಡಿ ಹಾಕಿ, ಜಾಲರಿ ಚೀಲದಲ್ಲಿ ಹಾಕುತ್ತೇನೆ. 40 ಡಿಗ್ರಿ, ಕಡಿಮೆ ಸ್ಪಿನ್, ಎಕ್ಸ್‌ಟ್ರಾ ರಿನ್ಸ್. ಪುಡಿ ಬೇಡ, ಲಿಕ್ವಿಡ್. ನಮ್ಮ ಮಾವ "34 ಸಾವಿರಕ್ಕೆ ಒಂದು ಎಮ್ಮೆ ಬರುತ್ತಿತ್ತು" ಅಂತ ಬಂದವರ ಮುಂದೆಲ್ಲ ಹೇಳಿದರು. ಎಮ್ಮೆ ಬಟ್ಟೆ ಒಗೆಯುತ್ತದಾ?

ನಿಟುವಳ್ಳಿ ಅವ್ವ
ನಾಲ್ಕು ತಿಂಗಳ ಕೂಸಿನ ಬಟ್ಟೆಗೆ ಎಮ್ಮೆ ದುಡ್ಡು! ಮೂರು ಹೆಣ್ಣುಮಕ್ಕಳ ಬಾಣಂತನ ಮಾಡಿದ್ದೇನೆ, ಈಗ ಮೊಮ್ಮಕ್ಕಳದ್ದೂ ಮಾಡುತ್ತಿದ್ದೇನೆ. ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಹಳೇ ಪಂಚೆ, ಹಳೇ ಕಾಟನ್ ಸೀರೆ. ಹತ್ತು ವರ್ಷ ಒಗೆದು ಒಗೆದು ಅದರೊಳಗಿನ ಗಂಜಿ, ಬಣ್ಣ, ಎಲ್ಲ ಹೋಗಿರುತ್ತದೆ. ಅದಕ್ಕಿಂತ ಮೆತ್ತಗಿನ ಬಟ್ಟೆ ಯಾವ ಅಂಗಡಿಯಲ್ಲಿದೆ ತೋರಿಸಿ.

ನನ್ನ ದೊಡ್ಡ ಮಗಳು ಪುಣೆಯಿಂದ ಆರ್ಗ್ಯಾನಿಕ್ ಅಂತ ಆರು ಅಂಗಿ ತಂದಳು. ಒಂದಕ್ಕೆ 899. ಆರಕ್ಕೆ ಎಷ್ಟಾಯಿತು ಲೆಕ್ಕ ಹಾಕಿ. ಮೊದಲ ಸಲ ಬಿಸಿ ನೀರಿಗೆ ಹಾಕಿದ ಕೂಡಲೇ ಕುಗ್ಗಿ ತೋಳು ಮೊಣಕೈಗೆ ಬಂತು. ಮಗಳು ನನ್ನ ಮೇಲೆ ರೇಗಿದಳು. ಎರಡು ದಿನ ಮಾತು ಬಿಟ್ಟಳು. ಬಟ್ಟೆ ಕುಗ್ಗಿದರೆ ನನ್ನ ತಪ್ಪಾ, ನೇಯ್ದವನ ತಪ್ಪಾ? ಹಂಡೆ ನೀರಿಗೆ ತಡೆಯದ ಬಟ್ಟೆ ಕೂಸಿಗೆ ಯಾಕೆ? ನಮ್ಮ ಪಂಚೆ ತುಂಡುಗಳನ್ನು ಕುದಿಸಿ, ಕಲ್ಲಿಗೆ ಕುಕ್ಕಿ, ಬಿಸಿಲಿಗೆ ಹಾಕಿದರೂ ಏನೂ ಆಗಲಿಲ್ಲ.

ಗಿರಣಿ ಮಗ
ಅವ್ವಾರೇ, ಹೆಣಿಗೆ ಬಟ್ಟೆಗೂ ನೇಯ್ಗೆ ಬಟ್ಟೆಗೂ ವ್ಯತ್ಯಾಸ ಇದೆ. ಪಂಚೆ ನೇಯ್ಗೆ, ಮಗುವಿನ ಅಂಗಿ ಹೆಣಿಗೆ. ಹೆಣಿಗೆ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗಿಯೇ ಕುಗ್ಗುತ್ತದೆ, ಬಿಸಿ ನೀರಾದರೆ ಇನ್ನೂ ಜಾಸ್ತಿ. ಆರ್ಗ್ಯಾನಿಕ್ ಆದರೂ ಅಷ್ಟೇ, ಅಲ್ಲದಿದ್ದರೂ ಅಷ್ಟೇ. ಒಂದು ಅಳತೆ ದೊಡ್ಡದು ತರಬೇಕು.

ನಮ್ಮಪ್ಪ ಇಲ್ಲಿಯ ಕಾಟನ್ ಮಿಲ್ಲಿನಲ್ಲಿ ಸ್ಪಿನ್ನಿಂಗ್ ವಿಭಾಗದಲ್ಲಿದ್ದರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಈಗ ಹೊರಗಿನವರಿಗೆ ದಾವಣಗೆರೆ ಅಂದರೆ ಬೆಣ್ಣೆದೋಸೆ ಒಂದೇ ನೆನಪಿಗೆ ಬರುವುದು. ಸುತ್ತಮುತ್ತ ಹತ್ತಿ ಹೊಲ ಹೋಗಿ ಮೆಕ್ಕೆಜೋಳ ಬಂತು. ಹತ್ತಿ ಇದ್ದರೂ ಬಿಟಿ, ಅಂದರೆ ಕುಲಾಂತರಿ ತಳಿ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಈಗ ದೇಶದ ಹತ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಅದೇ.

ಆರ್ಗ್ಯಾನಿಕ್ ಅನ್ನುವುದು ಹೊಲದ ಮಾತು. ಬಿಟಿ ಬೀಜ ಇಲ್ಲ, ರಾಸಾಯನಿಕ ಗೊಬ್ಬರ ಇಲ್ಲ, ರಾಸಾಯನಿಕ ಕೀಟನಾಶಕ ಇಲ್ಲ. ಮೆತ್ತಗಿರುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೆತ್ತಗಾಗುವುದು ನೂಲಿನಿಂದ, ಎಳೆಯ ಉದ್ದದಿಂದ, ಕಾರ್ಖಾನೆಯ ಫಿನಿಶಿಂಗ್‌ನಿಂದ. ಫಿನಿಶಿಂಗ್ ಒಗೆಯುತ್ತಾ ಹೋಗುತ್ತದೆ.

ಇನ್ನು ಲೇಬಲ್. ಗಾಟ್ಸ್ (GOTS) ಅಂತ ಒಂದು ಅಂತರರಾಷ್ಟ್ರೀಯ ಗುರುತು ಇದೆ. "ಆರ್ಗ್ಯಾನಿಕ್" ಅಂತ ಪೂರ್ತಿ ಬರೆಯಲು ನೂಲಿನಲ್ಲಿ 95 ಭಾಗ ಆರ್ಗ್ಯಾನಿಕ್ ಇರಬೇಕು. 70 ಭಾಗ ಇದ್ದರೆ "ಆರ್ಗ್ಯಾನಿಕ್ ಬಳಸಿ ಮಾಡಿದ್ದು" ಅಂತ ಮಾತ್ರ ಬರೆಯಬಹುದು. ಬಣ್ಣ, ಬ್ಲೀಚ್ ಹಂತಕ್ಕೂ ಅದರಲ್ಲಿ ನಿಯಮ ಇದೆ. ಟ್ಯಾಗ್ ಮೇಲೆ ಲೈಸೆನ್ಸ್ ನಂಬರ್ ಇರುತ್ತದೆ, ಅವರ ಪಟ್ಟಿಯಲ್ಲಿ ಹುಡುಕಬಹುದು. 2020ರಲ್ಲಿ ನಮ್ಮ ದೇಶದಲ್ಲೇ 20,000 ಟನ್ ಹತ್ತಿಗೆ ಸುಳ್ಳು ಪ್ರಮಾಣಪತ್ರ ಹುಟ್ಟಿದ್ದನ್ನು ಅವರೇ ಹಿಡಿದರು. ಅಕ್ಕ ಕೊಟ್ಟ ಬಟ್ಟೆಯ ಟ್ಯಾಗ್ ಕತ್ತರಿಸಿ ಎಸೆದಿದ್ದೀರಾ, ಇದೆಯಾ?

ನಿಟುವಳ್ಳಿ ಅವ್ವ
ಅಂದರೆ ಹತ್ತಿ ಊರಲ್ಲಿ ಹುಟ್ಟಿದವರು ಹತ್ತಿಗೆ ನಂಬರ್ ಹುಡುಕಬೇಕು. ಚೆನ್ನಾಗಿದೆ.

ಟೆರೇಸ್ ಅಪ್ಪ
ನೀರಿನ ಸಮಸ್ಯೆಗೆ ನನ್ನ ಬಳಿ ಖರ್ಚಿಲ್ಲದ ಪರಿಹಾರ ಇದೆ. ಕುಡಿಯುವ ನೀರಿನ ಆರ್‌ಓ ಯಂತ್ರದಿಂದ ಹೊರಗೆ ಬೀಳುವ ನೀರು ಇದೆಯಲ್ಲ, ಅದನ್ನು ಹಿಡಿದಿಟ್ಟು ಮಗನ ಬಟ್ಟೆಗೆ ಬಳಸುತ್ತೇನೆ. ಫಿಲ್ಟರ್ ಆದ ನೀರು, ಕೊಳೆ ಇಲ್ಲ, ವಾಸನೆ ಇಲ್ಲ. ಪೈಪ್ 180, ಟೀ ಜಾಯಿಂಟ್ 35, 50 ಲೀಟರಿನ ಡ್ರಮ್ 420. ಒಟ್ಟು 635 ರೂಪಾಯಿಯಲ್ಲಿ ಮುಗಿಯಿತು. ನೀರಲ್ಲಿ ಕರಗಿದ ಲವಣ ಅಂದಾಜು ಮಾಡುವ ಟಿಡಿಎಸ್ ಮೀಟರ್ 300 ಕೊಟ್ಟು ತಂದೆ, ಅದು ಬೇರೆ.

ಗಂಡಸು ಮಗುವಿನ ಬಟ್ಟೆ ಒಗೆಯುತ್ತಾನೆ ಅಂತ ನಗುವವರು ನಗಲಿ. ಎಂಸಿಸಿ ಬಿ ಬ್ಲಾಕಿನಲ್ಲಿ ಬೆಳಗ್ಗೆ ಆರಕ್ಕೆ ಟೆರೇಸಿನಲ್ಲಿ ಲಂಗೋಟಿ ಒಣಹಾಕುವವನು ನಾನೊಬ್ಬನೇ ಇರಬೇಕು. ಮೊದಮೊದಲು ಎದುರು ಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು, ಈಗ ಅಭ್ಯಾಸ ಆಗಿದೆ. ಹೆಂಡತಿಗೆ ಸಿಸೇರಿಯನ್ ಆಗಿತ್ತು, ಬಗ್ಗಿ ಒಗೆಯಲು ಆಗುತ್ತಿರಲಿಲ್ಲ. ಯಾರು ಒಗೆಯಬೇಕು ಮತ್ತೆ?

ರಸಾಯನ ಮೇಡಂ, ಚಳ್ಳಕೆರೆ
ಟೆರೇಸ್ ಅಪ್ಪ ಅವರೇ, ಒಗೆಯುವುದಕ್ಕೆ ಶಾಬಾಸ್. ಆದರೆ ನೀರಿನ ವಿಷಯದಲ್ಲಿ ಪೂರ್ತಿ ಉಲ್ಟಾ. ಆರ್‌ಓ ಯಂತ್ರ ಸಿಹಿ ನೀರನ್ನು ಲೋಟಕ್ಕೆ ಕೊಟ್ಟು, ಉಪ್ಪು, ಸುಣ್ಣದ ಅಂಶವನ್ನೆಲ್ಲ ಹೊರಗಿನ ಪೈಪಿಗೆ ತಳ್ಳುತ್ತದೆ. ಆ ನೀರು ನಿಮ್ಮ ಬೋರ್ ನೀರಿಗಿಂತ ಗಡಸು. ನೆಲ ಒರೆಸಲು, ಬಚ್ಚಲು ತೊಳೆಯಲು ಸರಿ. ಮಗುವಿನ ಬಟ್ಟೆಗೆ ಅದನ್ನೇ ಆರಿಸಿ ಆರಿಸಿ ಹಾಕುತ್ತಿದ್ದೀರಿ.

ಟಿಡಿಎಸ್ ಮೀಟರಿಗೆ ಗಡಸುತನ ಗೊತ್ತಾಗುವುದಿಲ್ಲ. ಅದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಗಡಸುತನ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರ ತನಕ ಪರವಾಗಿಲ್ಲ ಅನ್ನುತ್ತಾರೆ. ನಮ್ಮ ಕಾಲೇಜಿನ ಲ್ಯಾಬಿಗೆ ಮಕ್ಕಳು ಮನೆಯಿಂದ ತಂದ ಬೋರ್ ನೀರಿನಲ್ಲಿ 600 ದಾಟಿದ ಬಾಟಲಿ ಬೇಕಾದಷ್ಟು ಸಿಕ್ಕಿವೆ. ಅದು ಸಾಲದು ಅಂತ ಯಂತ್ರದಿಂದ ಇನ್ನಷ್ಟು ಗಟ್ಟಿ ಮಾಡಿಕೊಳ್ಳುವುದಾ?

ಸೋಪು ಕ್ಯಾಲ್ಸಿಯಂ ಜೊತೆ ಸೇರಿದರೆ ನೀರಲ್ಲಿ ಕರಗದ ಜಿಡ್ಡು ಆಗುತ್ತದೆ. ವಿದ್ಯಾನಗರದವರ ಬಟ್ಟೆ ಗರಿಗರಿ ಆಗಿದ್ದು, ಬೂದಿ ಬಣ್ಣ ಬಂದಿದ್ದು ಅದರಿಂದಲೇ. ಬಾರ್ ಸೋಪು ಬಿಟ್ಟು ಲಿಕ್ವಿಡ್ ಡಿಟರ್ಜೆಂಟ್ ಬಳಸಿದರೆ ಈ ಜಿಡ್ಡು ಕಟ್ಟುವುದಿಲ್ಲ. ಹಂಡೆಯಲ್ಲಿ ಕುದಿಸಿದರೆ ಒಂದು ಬಗೆಯ ಗಡಸುತನ ಮಾತ್ರ ಹೋಗುತ್ತದೆ, ಹಂಡೆ ತಳದಲ್ಲಿ ಬಿಳಿ ಪದರ ಕೂರುವುದು ಅದೇ. ಉಳಿದದ್ದು ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಟೆರೇಸ್ ಅಪ್ಪ
ಮೇಡಂ, ಲ್ಯಾಬ್ ಬೇರೆ, ಮನೆ ಬೇರೆ. ನನ್ನ ಮಗನಿಗೆ ಒಂದು ಗುಳ್ಳೆ ಎದ್ದಿಲ್ಲ. ಬಟ್ಟೆ ಗಟ್ಟಿ ಆಗುತ್ತದೆ, ನಿಜ. ನಾಲ್ಕು ಸಲ ಕೊಡವಿದರೆ ಸರಿ ಹೋಗುತ್ತದೆ. 635 ರೂಪಾಯಿ ಹಾಕಿದ್ದೇನೆ, ಸುಮ್ನೆ ಕಿತ್ತು ಹಾಕಲು ಆಗುತ್ತದಾ?

ರಸಾಯನ ಮೇಡಂ, ಚಳ್ಳಕೆರೆ
ಪೈಪ್ ಕೀಳಬೇಡಿ. ಡ್ರಮ್ಮನ್ನು ಮಳೆ ನೀರಿಗೆ ಇಡಿ. ಮಳೆ ನೀರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ ಅನ್ನಬಹುದು. ಮೊದಲ ಮಳೆ ತಾರಸಿ ಧೂಳು ತೊಳೆಯಲು ಬಿಟ್ಟು, ಆಮೇಲಿನದು ಹಿಡಿಯಿರಿ. ಕೊನೇ ಜಾಲಿಸುವಿಕೆಗೆ ಒಂದು ಬಕೆಟ್ ಸಿಹಿ ನೀರು ಇದ್ದರೂ ಬಟ್ಟೆ ಬೇರೆಯೇ ಆಗುತ್ತದೆ.

ಟೆರೇಸ್ ಅಪ್ಪ
ಮಳೆ ಕಮ್ಮಿ ಬೀಳುವ ಚಳ್ಳಕೆರೆಯವರು ಮಳೆ ನೀರು ಹಿಡಿಯಿರಿ ಅನ್ನುತ್ತಿದ್ದಾರೆ. ಕೇಳಿಸಿಕೊಳ್ಳಿ ಎಲ್ಲರೂ.

ಅಂಟುವಾಳ ಮನೆ
ಎಲ್ಲರೂ ಡಿಟರ್ಜೆಂಟ್, ಮಷಿನ್ ಅನ್ನುತ್ತಿದ್ದೀರಿ. ಆರ್ಗ್ಯಾನಿಕ್ ಬಟ್ಟೆ ತಂದು ಕೆಮಿಕಲ್‌ನಲ್ಲಿ ಒಗೆಯುವುದಾದರೆ ಆರ್ಗ್ಯಾನಿಕ್ ಯಾಕೆ ತಂದಿರಿ? ನಾವು ಅಂಟುವಾಳ ಒಂದೇ. ಬೀಜ ತೆಗೆದ ಸಿಪ್ಪೆ, ಕಾಲು ಕಿಲೋಗೆ 90 ಕೊಟ್ಟೆ. ಹಿಂದಿನ ರಾತ್ರಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿ, ಆ ನೀರಲ್ಲಿ ಬಟ್ಟೆ. ಮಗುವಿನ ಚರ್ಮ ನೋಡಿದವರೆಲ್ಲ ಏನು ಹಚ್ಚುತ್ತೀರಿ ಅಂತ ಕೇಳುತ್ತಾರೆ.

ಬಿಳಿ ಬಟ್ಟೆ ಸ್ವಲ್ಪ ಕಂದು ಆಗುತ್ತದೆ. ನಮ್ಮ ನಾದಿನಿ ಅದನ್ನು ನೋಡಿ "ಹಳೇ ಬಟ್ಟೆ ಹಾಕಿದ್ದೀರಾ" ಅಂತ ನಾಮಕರಣದಲ್ಲಿ ಎಲ್ಲರೆದುರು ಕೇಳಿದಳು. ಅವಳ ಮಗು ಮೈಗೆ ಹಾಕಿದ್ದು ಪಾಲಿಯೆಸ್ಟರ್ ಫ್ರಾಕು, ಕತ್ತಿನ ಸುತ್ತ ಕೆಂಪು ದದ್ದು. ನಾನೂ ಸುಮ್ಮನಿರಲಿಲ್ಲ, ಹೇಳಿಬಿಟ್ಟೆ. ಅವತ್ತಿನಿಂದ ಅವರ ಮನೆಗೂ ನಮ್ಮ ಮನೆಗೂ ಹೋಗಿಬರುವುದು ಕಡಿಮೆ.

ಕೆಳಗೋಟೆ ಅಕ್ಕ
ಅಂಟುವಾಳವೂ ಕೆಮಿಕಲ್ಲೇ ಅಲ್ವಾ? ಕಣ್ಣಿಗೆ ಬಿದ್ದರೆ ಎಷ್ಟು ಉರಿಯುತ್ತದೆ ಗೊತ್ತಾ? ಎಣ್ಣೆ ಜಿಡ್ಡು ಅದಕ್ಕೆ ಬಿಡುವುದೇ ಇಲ್ಲ. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ನೀರು ಹಾಕುವ ಮಗುವಿನ ಬಟ್ಟೆ ಅದು. ನನ್ನ ತಂಗಿ ಅಂಟುವಾಳದಲ್ಲೇ ಒಗೆದಳು, ಕೊನೆಗೆ ಜಬಲಾ ಮೂಸಿದರೆ ಕಮಟು ಎಣ್ಣೆ ವಾಸನೆ. ಕಡ್ಲೆ ಹಿಟ್ಟು ಉದುರಿಸಿ ಎಣ್ಣೆ ಹೀರಿಸಿ, ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಲಿಕ್ವಿಡ್ ಹಾಕಿದ ಮೇಲೆ ಹೋಯಿತು.

ಅಂಟುವಾಳ ಮನೆ
ನಿಮ್ಮ ತಂಗಿಗೆ ನೆನೆಹಾಕುವ ತಾಳ್ಮೆ ಇರಲಿಲ್ಲ ಅಂತ ಕಾಣುತ್ತದೆ.

ಕೆಳಗೋಟೆ ಅಕ್ಕ
ನನ್ನ ತಂಗಿಯ ಸುದ್ದಿ ನಿಮಗೆ ಬೇಡ.

ಅರಿಶಿನ ಅಂಗಿ
ಬಣ್ಣದ ಬಟ್ಟೆಯ ಬಗ್ಗೆ ಯಾರೂ ಹೇಳುತ್ತಿಲ್ಲ. ನಾನು ತೆಗೆದುಕೊಂಡಿದ್ದು ಸಹಜ ಬಣ್ಣದ್ದು, ಕೈಮಗ್ಗ, ಆರ್ಗ್ಯಾನಿಕ್ ಹತ್ತಿ. ಒಂದು ಅಂಗಿ, ಒಂದು ಟೋಪಿ, 1,450. ಕೊರಿಯರ್ 90. ಅರಿಶಿನದ ಬಣ್ಣ. ನೋಡಲು ಬಹಳ ಚಂದ.

ಕೆಲಸದವಳು ಗೊತ್ತಿಲ್ಲದೆ ಬಾರ್ ಸೋಪು ಹಚ್ಚಿದಳು. ಬಚ್ಚಲಿನಿಂದ ಕಿರುಚಿದ್ದು ಕೇಳಿ ಓಡಿ ಹೋದರೆ ಅಂಗಿ ಪೂರ್ತಿ ಕೆಂಪು. ಅವಳು ರಕ್ತ ಅಂದುಕೊಂಡಿದ್ದಾಳೆ! ನಮ್ಮ ಅತ್ತೆ ದೃಷ್ಟಿ ಅಂತ ಮೆಣಸಿನಕಾಯಿ ತರಲು ಒಳಗೆ ಹೋದರು. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುತ್ತದೆ, ಶಾಲೆಯಲ್ಲಿ ಅರಿಶಿನ ಕಾಗದದ ಪ್ರಯೋಗ ಮಾಡಿದವರಿಗೆ ಗೊತ್ತು. ನಾನು ನಿಂಬೆಹುಳಿ ಹಿಂಡಿದ ನೀರಲ್ಲಿ ಅದ್ದಿದೆ, ತಿರುಗಿ ಹಳದಿ. ಅತ್ತೆ ಮೆಣಸಿನಕಾಯಿ ಇಳಿ ತೆಗೆದಿದ್ದಕ್ಕೇ ಸರಿ ಹೋಯಿತು ಅನ್ನುತ್ತಾರೆ, ಇವತ್ತಿಗೂ.

ಆದರೆ ಬಿಸಿಲಿಗೆ ಹಾಕಿದ್ದರಿಂದ ಬಣ್ಣ ಉಳಿಯಲಿಲ್ಲ. ಅರಿಶಿನ ಬಿಸಿಲು ತಡೆಯುವುದಿಲ್ಲ, ಒಂದು ಬೇಸಿಗೆಗೆ ಪೂರ್ತಿ ಪೇಲವ. ಮಾರಿದವರಿಗೆ ಫೋನ್ ಮಾಡಿದರೆ "ಸಹಜ ಬಣ್ಣದ ಸೊಬಗೇ ಅದು ಮೇಡಂ" ಅಂದರು. 1,450ಕ್ಕೆ ಸೊಬಗು. ಆದರೂ ಮುಂದಿನ ಸಲವೂ ಅದನ್ನೇ ತೆಗೆದುಕೊಳ್ಳುತ್ತೇನೆ, ಈ ಸಲ ನೀಲಿ.

ಹೊಸ ಅಮ್ಮ, ವಿದ್ಯಾನಗರ
ಎಲ್ಲರಿಗೂ ಥ್ಯಾಂಕ್ಸ್. ಲೇಬಲ್ ಇದೆ, ನಂಬರ್ ನೋಡುತ್ತೇನೆ. ಇನ್ನೊಂದು ವಿಷಯ. ದೊಡ್ಡ ಅಳತೆಯವನ್ನು ಅತ್ತೆ ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಹಾಕಿ ಇಟ್ಟಿದ್ದಾರೆ. ಆ ವಾಸನೆ ಹೋಗಲು ಏನು ಮಾಡಬೇಕು? ಕಂಫರ್ಟ್ ತರಹದ ಕಂಡೀಷನರ್ ಹಾಕಿದರೆ ಆಗುತ್ತದಾ?

ಮಕ್ಕಳ ವಾರ್ಡಿನವಳು
ನಿಲ್ಲಿ ನಿಲ್ಲಿ. ಉಳಿದದ್ದೆಲ್ಲ ಆಮೇಲೆ. ಆ ಗುಳಿಗೆಯನ್ನು ಇವತ್ತೇ ತೆಗೆದು ಮನೆಯಿಂದ ಆಚೆ ಹಾಕಿ.

ಡಾಂಬರ್ ಗುಳಿಗೆ ಅಂದರೆ ನ್ಯಾಫ್ತಲೀನ್. ಅದರ ಆವಿ ಬಟ್ಟೆಯಲ್ಲಿ ಕೂರುತ್ತದೆ, ಅಲ್ಲಿಂದ ಮಗುವಿನ ಉಸಿರಿಗೂ ಚರ್ಮಕ್ಕೂ ಹೋಗುತ್ತದೆ. ಎಣ್ಣೆ ಹಚ್ಚಿದ ಮೈಗೆ ಇನ್ನೂ ಬೇಗ ಇಳಿಯುತ್ತದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದೆ, ಗಂಡುಮಕ್ಕಳಲ್ಲಿ ಜಾಸ್ತಿ. ಅಂಥವರಿಗೆ ಇದರಿಂದ ರಕ್ತದ ಕೆಂಪು ಕಣ ಒಡೆಯುತ್ತದೆ. ಕಾಮಾಲೆ ಏರುತ್ತದೆ, ಮೂತ್ರ ಕಪ್ಪಾಗುತ್ತದೆ, ಮಗು ಬಿಳಿಚಿಕೊಳ್ಳುತ್ತದೆ. ಯಾವ ಮಗುವಿಗೆ ಆ ಕೊರತೆ ಇದೆ ಅಂತ ಮುಖ ನೋಡಿ ಗೊತ್ತಾಗುವುದಿಲ್ಲ.

ಬಟ್ಟೆಗಳನ್ನು ಕೆಲವು ದಿನ ಗಾಳಿ ಬಿಸಿಲಿಗೆ ಬಿಟ್ಟು, ವಾಸನೆ ಪೂರ್ತಿ ಹೋಗುವ ತನಕ ಮತ್ತೆ ಮತ್ತೆ ಒಗೆಯಿರಿ. ಹೋಗದಿದ್ದರೆ ಮಗುವಿಗೆ ಹಾಕಲೇಬೇಡಿ, ಬೆಲೆ ಎಷ್ಟೇ ಇರಲಿ. ವಾಸನೆ ಮುಚ್ಚಲು ಕಂಡೀಷನರ್ ಹಾಕಬೇಡಿ. ಅದು ಎಳೆಗಳ ಮೇಲೆ ಒಂದು ಪದರ ಬಿಡುತ್ತದೆ, ಲಂಗೋಟಿ ನೀರು ಹೀರುವುದೇ ಕಡಿಮೆ ಆಗುತ್ತದೆ. ಟ್ರಂಕಿಗೆ ಚೆನ್ನಾಗಿ ಒಣಗಿದ ಬೇವಿನ ಎಲೆ ಸಾಕು. ಕರ್ಪೂರವೂ ಬೇಡ.

ಆಂಟಿಸೆಪ್ಟಿಕ್ ದಿನಾ ಹಾಕುವ ಅಗತ್ಯ ಇಲ್ಲ, ಸರಿಯಾಗಿ ಜಾಲಿಸದಿದ್ದರೆ ಅದೇ ಚರ್ಮ ಕೆರಳಿಸುತ್ತದೆ. ಹಾಲು, ಕಕ್ಕದ ಕಲೆಗೆ ಮೊದಲು ತಣ್ಣೀರು. ಬಿಸಿ ನೀರು ಹಾಕಿದರೆ ಅದರಲ್ಲಿನ ಪ್ರೋಟೀನ್ ಅಲ್ಲೇ ಕಚ್ಚಿಕೊಳ್ಳುತ್ತದೆ.

ನಿಟುವಳ್ಳಿ ಅವ್ವ
ನಮ್ಮ ಮನೆ ಟ್ರಂಕಿನಲ್ಲಿ ನನ್ನ ಮದುವೆ ಕಾಲದಿಂದ ಗುಳಿಗೆ ಇದೆ. ಮೂರು ಹೆಣ್ಣುಮಕ್ಕಳು ಬೆಳೆದು ಕೆಲಸಕ್ಕೆ ಹೋಗುತ್ತಿದ್ದಾರೆ. ಸುಮ್ನೆ ಹೆದರಿಸಬೇಡ್ರಿ. ಈಗಿನ ಆಸ್ಪತ್ರೆಯವರಿಗೆ ನಾವು ಮಾಡುವುದೆಲ್ಲ ತಪ್ಪು. ಎಣ್ಣೆ ತಪ್ಪು, ಧೂಪ ತಪ್ಪು, ಕಾಡಿಗೆ ತಪ್ಪು. ಇನ್ನು ತೊಟ್ಟಿಲು ತೂಗುವುದೂ ತಪ್ಪು ಅನ್ನುತ್ತಾರೆ ನೋಡಿ.

ಮಕ್ಕಳ ವಾರ್ಡಿನವಳು
ಅವ್ವ, ನಿಮ್ಮದು ಹೆಣ್ಣುಮಕ್ಕಳು, ಕೊರತೆ ಇರಲಿಲ್ಲ, ಬಚಾವಾದಿರಿ. ತೊಟ್ಟಿಲು ತೂಗಿ, ಜೋಗುಳ ಹಾಡಿ, ಯಾರು ಬೇಡ ಅಂದರು? ಧೂಪದ ಹೊಗೆ ಮಾತ್ರ ನಾನೂ ಬೇಡ ಅನ್ನುತ್ತೇನೆ. ಎಳೇ ಮಗುವಿನ ಎದೆಗೆ ಅದು ಒಳ್ಳೆಯದಲ್ಲ.

ನಿಟುವಳ್ಳಿ ಅವ್ವ
ಗೊತ್ತಿತ್ತು, ಧೂಪಕ್ಕೆ ಬಂದೇ ಬರುತ್ತೀರಿ ಅಂತ.

ಭಟ್ಟಿ ಪಕ್ಕದ ಮನೆ
ಹೊಗೆ ಅಂದ ಕೂಡಲೇ ನಾನು ಬಂದೆ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಸಾಲಿನ ಹಿಂದೆ. ಬೆಳಗಿನ ಜಾವ ಭಟ್ಟಿ ಹೊತ್ತಿದರೆ ಹಗ್ಗದ ಮೇಲಿನ ಬಿಳಿ ಬಟ್ಟೆಗೆಲ್ಲ ಕಪ್ಪು ಮಸಿ ಚುಕ್ಕಿ. ಮಸ್ಲಿನ್ ಬಟ್ಟೆ 750ರದ್ದು, ಒಂದು ದಿನಕ್ಕೆ ಹಾಳು. ಉಜ್ಜಿದರೆ ಮಸಿ ಇನ್ನೂ ಒಳಗೆ ಹೋಗುತ್ತದೆ, ಒಣಗಿದ ಮೇಲೆ ಕೊಡವಿಯೇ ಒಗೆಯಬೇಕು. ಬಿಸಿಲಿಗೆ ಹಾಕಿ ಅಂತ ಎಲ್ಲರೂ ಸುಲಭವಾಗಿ ಹೇಳುತ್ತೀರಿ. ಬಿಸಿಲು ಹಳದಿ ಕಲೆ ತೆಗೆಯುತ್ತದೆ, ನಿಜ, ಒದ್ದೆ ಇರುವಾಗಲೇ ಕಲೆಯ ಮಗ್ಗುಲು ಮೇಲೆ ಮಾಡಿ ಹಾಕಿದರೆ ಚೆನ್ನಾಗಿ ಹೋಗುತ್ತದೆ. ಆದರೆ ಬಿಸಿಲು ಇರುವ ಕಡೆ ಮಸಿ, ಮಸಿ ಇಲ್ಲದ ಕಡೆ ನೆರಳು. ಮೆಟ್ಟಿಲ ಕೆಳಗೆ ಸ್ಟ್ಯಾಂಡ್ ಹಾಕಿ ಟೇಬಲ್ ಫ್ಯಾನ್ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮುಗ್ಗಲು ವಾಸನೆ.

ಮಂಡಕ್ಕಿ ಮಿರ್ಚಿ ತಿನ್ನಲು ಎಲ್ಲ ಊರಿನವರೂ ಬರುತ್ತಾರೆ. ಮಸಿ ತಿನ್ನುವವರು ನಾವು.

ಗಿರಣಿ ಮಗ
ಭಟ್ಟಿಯಲ್ಲಿ ದುಡಿಯುವವರಿಗೂ ಮಕ್ಕಳಿವೆ ಸ್ವಾಮಿ. ಗಿರಣಿ ಮುಚ್ಚಿಸಿದ ಮೇಲೆ ಎಷ್ಟೋ ಮನೆ ಭಟ್ಟಿಯಿಂದ ಉಂಡಿದೆ.

ಭಟ್ಟಿ ಪಕ್ಕದ ಮನೆ
ಭಟ್ಟಿ ಮುಚ್ಚಿ ಅಂತ ಎಲ್ಲಿ ಬರೆದಿದ್ದೇನೆ? ಬಟ್ಟೆಗೆ ಮಸಿ ಬೀಳುತ್ತದೆ ಅಂದೆ. ಓದಿ ಮಾತಾಡಿ.

ಭೀಮಸಮುದ್ರ ರಸ್ತೆ
ನಿಮ್ಮದು ಕಪ್ಪು, ನಮ್ಮದು ಕೆಂಪು. ಅದಿರಿನ ಲಾರಿ ಹೋಗುವ ದಾರಿಯಲ್ಲಿ ಮನೆ. ಬಿಳಿ ಜಬಲಾ ಅನ್ನುವುದನ್ನೇ ಕೊಳ್ಳುವುದು ಬಿಟ್ಟಿದ್ದೇವೆ. ಆಕ್ಸಿಜನ್ ಬ್ಲೀಚ್ ಪುಡಿ ತಂದೆ, 400 ಗ್ರಾಂಗೆ 260. ಹಾಲಿನ ಕಲೆಗೆ ಒಳ್ಳೆಯದು, ಕೆಂಪು ಮಣ್ಣಿಗೆ ಏನೂ ಮಾಡಲಿಲ್ಲ. ಕೊನೆಗೆ ನಿಂಬೆ ಹುಳಿ, ಉಪ್ಪು ಹಚ್ಚಿದ ಮೇಲೆ ಅರ್ಧ ಹೋಯಿತು. ಬ್ಲೀಚಿಂಗ್ ಪೌಡರ್ ನೀರು ಹಾಕು ಅಂದರು ಪಕ್ಕದವರು. ಮೇಲೆ ವಿನೆಗರ್ ಬೇರೆ ಹಾಕು ಅಂದರು. ದಯವಿಟ್ಟು ಯಾರೂ ಎರಡನ್ನೂ ಸೇರಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ. ಬಚ್ಚಲಲ್ಲಿ ನಿಂತವರ ಗತಿ ಏನಾಗಬೇಕು?

ಕೆಳಗೋಟೆ ಅಕ್ಕ
ವಿನೆಗರ್ ನಾನು ಜಾಲಿಸುವ ನೀರಿಗೆ ಅರ್ಧ ಲೋಟ ಹಾಕುತ್ತೇನೆ, ಸೋಪಿನ ಅಂಶ ಬಿಡುತ್ತದೆ, ಮೆತ್ತಗೂ ಆಗುತ್ತದೆ. ಒಣಗಿದರೆ ವಾಸನೆ ಇರುವುದಿಲ್ಲ. ಆದರೆ ನಲ್ಲಿ ನೀರು ಬಂದ ದಿನ ಒಗೆದರೆ ಅದೂ ಬೇಡ. ನಮಗೆ ವಾಣಿವಿಲಾಸ ಡ್ಯಾಮಿನ ನೀರು, ಶಾಂತಿಸಾಗರ ಕೆರೆಯ ನೀರು. ಅಂಥ ನೀರು ನಿಮ್ಮ ಕಡೆ ಇಲ್ಲ.

ಟೆರೇಸ್ ಅಪ್ಪ
ಅಕ್ಕಾರೇ, ಶಾಂತಿಸಾಗರ ಅಂದರೆ ಸೂಳೆಕೆರೆ, ಅದು ಇರುವುದು ಚನ್ನಗಿರಿ ತಾಲ್ಲೂಕಿನಲ್ಲಿ. ಅಂದರೆ ನಮ್ಮ ದಾವಣಗೆರೆ ಜಿಲ್ಲೆ. ನಮ್ಮ ಸೂಳೆಕೆರೆ ನೀರು ಕುಡಿದು ನಮಗೇ ಹೇಳುತ್ತೀರಾ?

ಕೆಳಗೋಟೆ ಅಕ್ಕ
ನಿಮ್ಮ ಜಿಲ್ಲೆ ಆಗಿದ್ದು 1997ರಲ್ಲಿ. ಅಲ್ಲಿಯ ತನಕ ದಾವಣಗೆರೆಯೇ ನಮ್ಮ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು.

ಗಿರಣಿ ಮಗ
ಆಗ ಚನ್ನಗಿರಿ ಶಿವಮೊಗ್ಗದಲ್ಲಿತ್ತು. ಇಬ್ಬರದ್ದೂ ಅಲ್ಲ.

ಟೆರೇಸ್ ಅಪ್ಪ
ನಿಮ್ಮ ವಾಣಿವಿಲಾಸ, ಅದೇ ಮಾರಿಕಣಿವೆ ಡ್ಯಾಮೂ, 1933 ಆದ ಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ಅಷ್ಟು ವರ್ಷ ಯಾವ ನೀರಲ್ಲಿ ಬಟ್ಟೆ ಒಗೆದಿರಿ ಅಕ್ಕ?

ಕೆಳಗೋಟೆ ಅಕ್ಕ
ಕೋಡಿ ಬೀಳದಿದ್ದರೆ ಡ್ಯಾಮಿನಲ್ಲಿ ನೀರೇ ಇಲ್ಲ ಅಂತ ಅರ್ಥವಾ? ಆರ್‌ಓ ಕೊಳಚೆಯಲ್ಲಿ ಲಂಗೋಟಿ ಅದ್ದುವವರಿಂದ ನಾನು ಪಾಠ ಕಲಿಯಬೇಕಾಗಿಲ್ಲ.

ರಸಾಯನ ಮೇಡಂ, ಚಳ್ಳಕೆರೆ
ಕೊಳಚೆ ಅಲ್ಲ, ಗಡಸು ನೀರು ಅಂದೆ. ನಾನು ಹೇಳದ್ದನ್ನು ಹೇಳಬೇಡಿ.

ಹರಿಹರದವನು
ಕೆಳಗೋಟೆ ಅಕ್ಕಾರೇ, ಜಗಳದ ಮಧ್ಯೆ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಆ ಪೈಪಿಗೆ ಹಾಕುವ ಫಿಲ್ಟರ್ ಟಾಪ್ ಲೋಡ್‌ಗೂ ಕೂರುತ್ತದಾ? 2,200 ಈಗಿನ ಬೆಲೆಯಾ?

ಕೆಳಗೋಟೆ ಅಕ್ಕ
ಕೂರುತ್ತದೆ, ಮುಕ್ಕಾಲು ಇಂಚಿನ ಜಾಯಿಂಟ್ ಇದ್ದರೆ. ಅದು ಆಗಿನ ಬೆಲೆ, ಈಗ ಜಾಸ್ತಿ ಇರಬೇಕು. ಹರಳನ್ನು ಬಿಡಿಯಾಗಿ ತನ್ನಿ, ಅಂಗಡಿಯವನು ಸೆಟ್ ಅಂತ ಕೊಟ್ಟರೆ ಬಿಡಬೇಡಿ, ಅದರಲ್ಲಿ ವಾಷರ್ ಸೇರಿಸಿ 200 ಎಳೆಯುತ್ತಾನೆ.